ಅಂತ್ಯದ ಮಾತಿನಿಂದ ಆರಂಭವಾಗುವ ಆಗಮನ ಕಾಲ

ಕ್ರಿಸ್ತಜಯಂತಿಗೆ ಮುಂಚಿನ ನಾಲ್ಕು ಭಾನುವಾರಗಳ ಸಿದ್ಧತೆಯ ಕಾಲವಾದ ಆಗಮನ ಕಾಲದ ಮೊದಲ ಭಾನುವಾರ ದೇವಾಲಯಕ್ಕೆ ಬರುವವರಲ್ಲಿ ಅನೇಕರು ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ, ಕಥೆಯನ್ನು ನಿರೀಕ್ಷಿಸಿರುತ್ತಾರೆ, ಆದರೆ ಅವರ ಕಿವಿಗೆ ಬೀಳುವುದು ಯುಗಾಂತ್ಯದ ಮಾತು. ವರ್ಷಕ್ಕೊಂದು ಶುಭಸಂದೇಶವನ್ನು ಮುಖ್ಯವಾಗಿ ಓದುವ ಮೂರು ವರ್ಷಗಳ ವಾಚನ ಚಕ್ರದಲ್ಲಿ ಆ ದಿನ ಓದುವುದು ಮತ್ತಾಯನ 24ನೆಯ, ಮಾರ್ಕನ 13ನೆಯ ಅಥವಾ ಲೂಕನ 21ನೆಯ ಅಧ್ಯಾಯದ ಭಾಗವನ್ನು. ಹಬ್ಬದ ಹೊಸ್ತಿಲಲ್ಲಿ ಇಂಥ ಗಂಭೀರ ವಾಚನವೇಕೆ ಎಂದು ಬಲಿಪೂಜೆ ಮುಗಿದ ಮೇಲೆ ಗುರುಗಳಾದ ನಮ್ಮನ್ನು ಕೇಳುವವರು ಪ್ರತಿ ವರ್ಷವೂ ಇರುತ್ತಾರೆ. ಈ ಪ್ರಶ್ನೆಯನ್ನು ನಾನು ಪ್ರೀತಿಯಿಂದ ಸ್ವಾಗತಿಸುತ್ತೇನೆ, ಏಕೆಂದರೆ ಆಗಮನ ಕಾಲದ ತಿರುಳು ಇರುವುದೇ ಅದರ ಉತ್ತರದಲ್ಲಿ.

ಧರ್ಮಸಭೆ ಈ ದಿನಗಳಲ್ಲಿ ಎರಡು ಆಗಮನಗಳನ್ನು ಒಟ್ಟಿಗೆ ಧ್ಯಾನಿಸುತ್ತದೆ: ಬೆತ್ಲೆಹೇಮಿನಲ್ಲಿ ದೀನನಾಗಿ ಜನಿಸಿದ ಕ್ರಿಸ್ತನ ಆಗಮನ ಮತ್ತು ಕಾಲದ ಕೊನೆಯಲ್ಲಿ ಮಹಿಮೆಯಿಂದ ಬರಲಿರುವ ಅದೇ ಕ್ರಿಸ್ತನ ಆಗಮನ. ಹನ್ನೆರಡನೆಯ ಶತಮಾನದ ಸಂತ ಬರ್ನಾರ್ಡರು ಇವೆರಡರ ನಡುವೆ ಮೂರನೆಯದೊಂದನ್ನು ಗುರುತಿಸಿದರು. ಕಣ್ಣಿಗೆ ಕಾಣದಂತೆ, ಇಂದು, ವಿಶ್ವಾಸಿಯ ಅಂತರಂಗಕ್ಕೆ ಆಗುವ ಆಗಮನವದು. ಆಗಿಹೋದ ಜನನವನ್ನು ನಾವು ಸ್ಮರಿಸಬಹುದೇ ಹೊರತು ಅದಕ್ಕಾಗಿ ಕಾಯಲಾಗದು. ಇನ್ನೂ ಬರಬೇಕಾದವನೊಬ್ಬನಿದ್ದಾನೆ ಎಂಬ ನಂಬಿಕೆಯಿಂದಲೇ ಈ ಕಾಯುವಿಕೆ ನಿಜವಾಗುತ್ತದೆ. ಆದುದರಿಂದ ಕ್ರಿಸ್ತರಾಜನ ಮಹೋತ್ಸವದೊಂದಿಗೆ ಕೊನೆಗೊಳ್ಳುವ ಆರಾಧನಾ ವರ್ಷದ ಅಂತಿಮ ಚಿಂತನೆಯನ್ನೇ ಹೊಸ ವರ್ಷದ ಮೊದಲ ಭಾನುವಾರವೂ ಮುಂದುವರಿಸುತ್ತದೆ.

ಈ ಕಾಲ ತಪಸ್ಸಿನದೋ ಸಂತೋಷದ್ದೋ ಎಂಬ ಗೊಂದಲಕ್ಕೆ ಚಾರಿತ್ರಿಕ ಕಾರಣವಿದೆ. ಐದನೆಯ ಶತಮಾನದಲ್ಲಿ ಗಾಲ್ ನಾಡಿನ (ಇಂದಿನ ಫ್ರಾನ್ಸ್) ತೂರ್ ಪಟ್ಟಣದ ಧರ್ಮಾಧ್ಯಕ್ಷ ಪೆರ್ಪೆತುಸರು ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದಿಂದ ಕ್ರಿಸ್ತಜಯಂತಿಯವರೆಗೆ ವಾರಕ್ಕೆ ಮೂರು ದಿನ ಉಪವಾಸವನ್ನು ವಿಧಿಸಿದ್ದರು. ರೋಮಿನಲ್ಲಿ ಇದು ನಾಲ್ಕು ಭಾನುವಾರಗಳ ಕಾಲವಾಗಿ ನೆಲೆಗೊಂಡಿತು. ಮಿಲಾನಿನ ಸ್ವಂತ ಆರಾಧನಾ ಪದ್ಧತಿಯಾದ ಅಂಬ್ರೋಸಿಯ ವಿಧಿಯಲ್ಲಿ ಇಂದಿಗೂ ಆರು ವಾರಗಳಿವೆ, ಪೂರ್ವದ ಆರ್ಥಡಾಕ್ಸ್ ಸಭೆಗಳಲ್ಲಿ ನಲವತ್ತು ದಿನಗಳ ಉಪವಾಸವಿದೆ. ಆರಾಧನಾ ವರ್ಷದ ಕುರಿತ 1969ರ ಕಥೋಲಿಕ ನಿಯಮಾವಳಿ ಇದನ್ನು ಭಕ್ತಿಯ ಹಾಗೂ ಆನಂದದ ನಿರೀಕ್ಷೆಯ ಕಾಲವೆಂದು ಕರೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ಆರಾಧನೆಯ ವಿವರಗಳು ಇದನ್ನು ನಿಯಮಾವಳಿಗಿಂತಲೂ ಚೆನ್ನಾಗಿ ಹೇಳುತ್ತವೆ. ಗುರುಗಳ ಉಡುಪಿನ ಬಣ್ಣ ಈಸ್ಟರ್‌ಗೆ ಮುಂಚಿನ ತಪಃಕಾಲದಂತೆಯೇ ನೇರಳೆಯಾದರೂ ತಪಃಕಾಲದಲ್ಲಿ ಮೌನವಾಗುವ ಅಲ್ಲೆಲೂಯ ಎಂಬ ಸ್ತುತಿಘೋಷ ಇಲ್ಲಿ ಮೊಳಗುತ್ತಲೇ ಇರುತ್ತದೆ. ‘ಉನ್ನತದಲ್ಲಿ ದೇವರಿಗೆ ಮಹಿಮೆ’ ಎಂದು ಆರಂಭವಾಗುವ ಭಾನುವಾರದ ಮಹಿಮಾಗೀತೆಯನ್ನು ಮಾತ್ರ ಬಿಡಲಾಗುತ್ತದೆ. ಅದರ ಮೊದಲ ಸಾಲು ಕ್ರಿಸ್ತನು ಹುಟ್ಟಿದ ರಾತ್ರಿ ದೇವದೂತರು ಹಾಡಿದ್ದಾದ್ದರಿಂದ ಆ ರಾತ್ರಿಯೇ ಅದು ಮತ್ತೆ ಹೊಸದಾಗಿ ಕೇಳಿಬರಬೇಕು. ಮೂರನೆಯ ಭಾನುವಾರ ನೇರಳೆಯ ಬದಲಿಗೆ ಗುಲಾಬಿ ಬಣ್ಣವನ್ನು ಧರಿಸಬಹುದು.

ನಡುವಿನ ಎರಡು ಭಾನುವಾರಗಳು ಕ್ರಿಸ್ತನಿಗೆ ದಾರಿ ಸಿದ್ಧಮಾಡಿದ ಪ್ರವಾದಿ ಸ್ನಾನಿಕ ಯೊವಾನ್ನನವು. ಎರಡನೆಯದರಲ್ಲಿ ಅವನು ಅರಣ್ಯದಲ್ಲಿ ಪಶ್ಚಾತ್ತಾಪಕ್ಕೆ ಕರೆಯುತ್ತಾನೆ. ಮತ್ತಾಯನ ಶುಭಸಂದೇಶವನ್ನು ಓದುವ ವರ್ಷದ ಮೂರನೆಯ ಭಾನುವಾರ ಅದೇ ಯೊವಾನ್ನ ಸೆರೆಮನೆಯಿಂದ ಶಿಷ್ಯರನ್ನು ಕಳುಹಿಸಿ, ಬರಬೇಕಾದವರು ನೀವೋ, ಅಥವಾ ಇನ್ನೊಬ್ಬರಿಗಾಗಿ ಕಾಯಬೇಕೋ ಎಂದು ಯೇಸುವನ್ನು ಕೇಳಿಸುತ್ತಾನೆ. ಉತ್ತರ ಕಾಣದೆ ಪ್ರಾರ್ಥಿಸುತ್ತಿರುವವರಿಗೆ ನಾನು ಮೊದಲು ಓದಿಹೇಳುವುದು ಈ ಭಾಗವನ್ನೇ. ಸಂದೇಹದ ನಡುವೆಯೂ ಕಾಯುವುದು ವಿಶ್ವಾಸದ ಕೆಲಸವೇ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಡಿಸೆಂಬರ್ 17ರಿಂದ ಧ್ಯಾನವು ನೇರವಾಗಿ ಜನನದ ಕಡೆಗೆ ತಿರುಗುತ್ತದೆ. ಅಂದಿನಿಂದ 23ರವರೆಗೆ ಸಂಜೆಯ ಪ್ರಾರ್ಥನೆಯಲ್ಲಿ ಮರಿಯಳ ಸ್ತುತಿಗೀತೆಯೊಂದಿಗೆ ಏಳು ಪ್ರಾಚೀನ ಪಲ್ಲವಿಗಳನ್ನು ದಿನಕ್ಕೊಂದರಂತೆ ಹಾಡಲಾಗುತ್ತದೆ. ಜ್ಞಾನವೇ, ದಾವಿದನ ಕೀಲಿಕೈಯೇ, ಉದಯತಾರೆಯೇ, ಇಮ್ಮಾನುವೇಲನೇ ಎಂದು ಸಂಬೋಧಿಸುವ ಅವುಗಳಲ್ಲಿ ಪ್ರತಿಯೊಂದೂ ‘ಬಾ’ ಎಂಬ ಬೇಡಿಕೆಗೆ ಬಂದು ನಿಲ್ಲುತ್ತದೆ. ಮನೆಯಲ್ಲಿ ಏನನ್ನಾದರೂ ಆಚರಿಸಬೇಕೆನ್ನುವವರು ಈ ಏಳು ಸಂಜೆಗಳನ್ನು ಇವುಗಳಿಗಾಗಿಯೇ ತೆಗೆದಿಡಲಿ ಎಂಬುದು ನನ್ನ ಕೋರಿಕೆ.

ನವೆಂಬರ್ 30ಕ್ಕೆ ಅತಿ ಹತ್ತಿರದ ಭಾನುವಾರ ಆರಂಭವಾಗುವ ಆಗಮನ ಕಾಲ ಕೆಲವು ವರ್ಷ 28 ದಿನ, ಕೆಲವು ವರ್ಷ 22 ದಿನ ಇರುತ್ತದೆ. 2023ರಲ್ಲಿ ನಾಲ್ಕನೆಯ ಭಾನುವಾರವು ಡಿಸೆಂಬರ್ 24ರಂದೇ ಬಂದು ಕೊನೆಯ ವಾರವೆಂಬುದೇ ಉಳಿಯಲಿಲ್ಲ. ಇಂಥ ವರ್ಷಗಳಲ್ಲಿ ಪಾಪನಿವೇದನೆಯನ್ನೂ ಧ್ಯಾನಕೂಟಗಳನ್ನೂ ಎರಡನೆಯ ವಾರದೊಳಗೇ ಮುಗಿಸಿಕೊಳ್ಳುವುದು ಒಳಿತು.