ಎಂ-ಸ್ಪೋರ್ಟ್ ಮುಂದೆ ಯಾರ ಕೈ ಹಿಡಿಯಲಿದೆ? ಮೊದಲು ಎಂಜಿನ್ ಎಲ್ಲಿದೆ ನೋಡಿ

ರ‍್ಯಾಲಿ ಮುಗಿದ ಸಂಜೆ ನಡೆಯುವ ತಾಂತ್ರಿಕ ತಪಾಸಣೆಯನ್ನು ಹತ್ತಿರ ನಿಂತು ನೋಡಬೇಕು. ಮೂರು ದಿನ ಕಲ್ಲು ಕೆಸರಿನಲ್ಲಿ ಓಡಿದ ಕಾರು ಚಕ್ರ ಕಳಚಿಕೊಂಡು ಸ್ಟ್ಯಾಂಡಿನ ಮೇಲೆ ನಿಂತಿರುತ್ತದೆ. ಅದರ ಗೇರ್‌ಬಾಕ್ಸಿನ ಭಾಗಗಳನ್ನೆಲ್ಲ ಮೇಜಿನ ಮೇಲೆ ಹರಡಿರುತ್ತಾರೆ. ಪರಿಶೀಲಕರು ಎಣ್ಣೆ ಜಿನುಗುವ ಒಂದು ಗೇರನ್ನು ಬಟ್ಟೆಯಿಂದ ಒರೆಸಿ ಹಲ್ಲು ಎಣಿಸುತ್ತಾರೆ, ತೂಗುತ್ತಾರೆ, ಪಕ್ಕದಲ್ಲಿ ತೆರೆದಿಟ್ಟ ಕಡತದ ಚಿತ್ರಕ್ಕೆ ಹೋಲಿಸುತ್ತಾರೆ. ತಾಳೆಯಾಗದಿದ್ದರೆ ಗೆದ್ದ ರ‍್ಯಾಲಿಯೂ ಕೈತಪ್ಪುತ್ತದೆ. ಆ ಕಡತಕ್ಕೆ ಹೊಮೊಲೊಗೇಷನ್ ದಾಖಲೆ, ಅಂದರೆ ಸ್ಪರ್ಧೆಗೆ ಕಾರಿನ ಮಾನ್ಯತೆಯ ದಾಖಲೆ, ಎನ್ನುತ್ತಾರೆ. ಅಂಥ ಕಡತಗಳನ್ನು ಸಿದ್ಧಪಡಿಸುವುದೇ ನನ್ನ ವೃತ್ತಿ. ಅದರ ಮೊದಲ ಪುಟದಲ್ಲಿ, ಎಲ್ಲ ಅಳತೆಗಳಿಗಿಂತ ಮುಂಚೆ, ಒಂದು ಸಾಲು ಇರುತ್ತದೆ: ತಯಾರಕರು.

ಯಾವ ತಂಡ ಯಾವ ಕಂಪನಿಯ ಜೊತೆ ಹೋಗಲಿದೆ ಎಂಬ ಊಹಾಪೋಹ ಕಿವಿಗೆ ಬಿದ್ದಾಗಲೆಲ್ಲ ನನ್ನ ಮನಸ್ಸು ಆ ಸಾಲಿಗೇ ಹೋಗುತ್ತದೆ. ಅಲ್ಲಿ ಹೆಸರು ಬರೆದವರು ಕಾರಿನ ಪ್ರತಿ ಭಾಗಕ್ಕೂ ಹೊಣೆ ಹೊರಬೇಕು. ಬಾನೆಟ್ ಮೇಲೆ ಅಂಟಿಸುವ ಲಾಂಛನಕ್ಕೆ ಅಷ್ಟು ಹೊಣೆ ಇಲ್ಲ.

ಈಗ ಹೆಚ್ಚಾಗಿ ಕೇಳಿಬರುವುದು ಎಂ-ಸ್ಪೋರ್ಟ್ ಎಂಬ ರ‍್ಯಾಲಿ ತಂಡದ ಕುರಿತ ಪ್ರಶ್ನೆ. ಫೋರ್ಡ್ ಜೊತೆಯಲ್ಲೇ ಮುಂದುವರಿಯುತ್ತದೆಯೇ, ಬೇರೆ ಕಂಪನಿ ಬರುತ್ತದೆಯೇ, ಯಾರೂ ಇಲ್ಲದೆ ತಾನೇ ನಿಲ್ಲುತ್ತದೆಯೇ? ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ಗೆ 2027ರಿಂದ ಹೊಸ ತಾಂತ್ರಿಕ ನಿಯಮಗಳು ಗೊತ್ತಾಗಿರುವುದರಿಂದ ಈ ಪ್ರಶ್ನೆಗೆ ತೂಕ ಬಂದಿದೆ. ಆದರೆ ಚರ್ಚೆಯ ಬಹುಪಾಲು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವ ಕೆಲಸ. ಕೂಸು ಹೇಗೆ ಹುಟ್ಟುತ್ತದೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಎಂ-ಸ್ಪೋರ್ಟ್ ಎಂದರೆ ಫೋರ್ಡ್‌ನ ಒಂದು ಶಾಖೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಅದು ಮಾಲ್ಕಂ ವಿಲ್ಸನ್ ಕಟ್ಟಿದ ಸ್ವತಂತ್ರ ಸಂಸ್ಥೆ. ಇಂಗ್ಲೆಂಡಿನ ಕಂಬ್ರಿಯಾದಲ್ಲಿ, ಕಾಕರ್‌ಮೌತ್ ಪಟ್ಟಣದ ಬಳಿಯ ಡವೆನ್‌ಬಿ ಹಾಲ್ ಎಂಬ ಹಳೆಯ ಬಂಗಲೆಯ ಆವರಣದಲ್ಲಿ ಅದರ ಕಾರ್ಯಾಗಾರವಿದೆ. ಫೋರ್ಡ್‌ನ ವಿಶ್ವ ರ‍್ಯಾಲಿ ಗುತ್ತಿಗೆ ಅದಕ್ಕೆ ಸಿಕ್ಕಿದ್ದು 1997ರ ಹಂಗಾಮಿಗೆ. ಎಸ್ಕಾರ್ಟ್, ಫೋಕಸ್, ಫಿಯೆಸ್ಟಾ, ಪೂಮಾ ಹೀಗೆ ಕಾರುಗಳು ಬದಲಾದವು, ಊರು ಬದಲಾಗಲಿಲ್ಲ. 2006 ಮತ್ತು 2007ರಲ್ಲಿ ತಯಾರಕರ ಪ್ರಶಸ್ತಿ ಫೋರ್ಡ್‌ಗೆ ಬಂದದ್ದು ಇಲ್ಲಿ ಕಟ್ಟಿದ ಫೋಕಸ್‌ನಿಂದ. ಬೆಂಟ್ಲಿ ಕಂಪನಿಯ ಕಾಂಟಿನೆಂಟಲ್ ಜಿಟಿ3 ರೇಸ್ ಕಾರ್ ತಯಾರಿಸಿದ್ದೂ ಇದೇ ಸಂಸ್ಥೆ. ಬೇರೆ ಕಂಪನಿಗೆ ಕೆಲಸ ಮಾಡುವುದು ಅದಕ್ಕೆ ಹೊಸದಲ್ಲ, ನಿಷಿದ್ಧವೂ ಅಲ್ಲ.

2012ರ ಅಕ್ಟೋಬರ್‌ನಲ್ಲಿ ಫೋರ್ಡ್ ಅಧಿಕೃತ ಬೆಂಬಲ ನಿಲ್ಲಿಸುವುದಾಗಿ ಪ್ರಕಟಿಸಿತು. ಅಂದು ತಂಡದ ಕಥೆ ಮುಗಿಯಿತು ಎಂದವರು ಬಹಳ. ಮುಂದಿನ ಐದು ಹಂಗಾಮು ತಂಡದ ಅಧಿಕೃತ ಹೆಸರಿನಲ್ಲಿ ಫೋರ್ಡ್ ಎಂಬ ಪದ ಇರಲಿಲ್ಲ. ಆದರೂ ಫಿಯೆಸ್ಟಾ ಕಾರುಗಳು ಓಡುತ್ತಲೇ ಇದ್ದವು, ಗ್ರಾಹಕರಿಗೆ ಮಾರಾಟವಾಗುತ್ತಲೇ ಇದ್ದವು. 2016ರ ನವೆಂಬರ್‌ನಲ್ಲಿ ಫೋಕ್ಸ್‌ವಾಗನ್ ಹಠಾತ್ತನೆ ಹೊರನಡೆಯಿತು. ಅದರ 2017ರ ಪೋಲೊ ಕಾರು ಸಿದ್ಧವಾಗಿತ್ತು, ಪರೀಕ್ಷೆಯೂ ನಡೆದಿತ್ತು, ಮೂಲೆಗೆ ಸೇರಿತು. ನಾಲ್ಕು ಬಾರಿಯ ಚಾಂಪಿಯನ್ ಸೆಬಾಸ್ಟಿಯನ್ ಓಜಿಯೆ ಕೈಯಲ್ಲಿ ಕಾರಿಲ್ಲದೆ ನಿಂತರು. ಡಿಸೆಂಬರ್‌ನಲ್ಲಿ ಎಂ-ಸ್ಪೋರ್ಟ್ ಜೊತೆ ಸಹಿ ಹಾಕಿದರು, ಜನವರಿಯಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದರು. ಆ ವರ್ಷ ಅಕ್ಟೋಬರ್‌ನಲ್ಲಿ ವೇಲ್ಸ್‌ನಲ್ಲಿ ಚಾಲಕರ ಪ್ರಶಸ್ತಿಯೂ ತಯಾರಕರ ಪ್ರಶಸ್ತಿಯೂ ಒಟ್ಟಿಗೇ ತಂಡದ ಪಾಲಾದವು, ಆ ರ‍್ಯಾಲಿಯನ್ನು ಗೆದ್ದವರು ತಂಡದ ಮತ್ತೊಬ್ಬ ಚಾಲಕ ಎಲ್ವಿನ್ ಇವಾನ್ಸ್. ಟೊಯೋಟಾ, ಹ್ಯುಂಡೈ, ಸಿಟ್ರೊಯೆನ್ ಎಂಬ ದೊಡ್ಡ ಕಂಪನಿಗಳ ಎದುರು, ತಯಾರಕ ಕಂಪನಿಯ ಪೂರ್ಣ ಬೆಂಬಲವಿಲ್ಲದ ತಂಡವೊಂದು ತಯಾರಕರ ಪ್ರಶಸ್ತಿ ಎತ್ತಿತು! ನನ್ನ ವೃತ್ತಿಜೀವನದಲ್ಲಿ ಕಂಡ ಅತಿ ದೊಡ್ಡ ಸಾಧನೆ ಅದು. ಇಂದಿಗೂ ನೆನೆದರೆ ಎದೆ ತುಂಬಿ ಬರುತ್ತದೆ. 2018ರಲ್ಲಿ ಫೋರ್ಡ್ ಬೆಂಬಲ ಹೆಚ್ಚಿಸಿ ಹೆಸರನ್ನು ಮತ್ತೆ ಸೇರಿಸಿತು.

ಕಾರು ಹುಟ್ಟಿದ್ದು ಡವೆನ್‌ಬಿಯಲ್ಲಿ, ಕಂಪನಿಯ ಹೆಸರು ಬಂದು ಹೋಗಿ ಮತ್ತೆ ಬಂದದ್ದು ಆಮೇಲೆ. ಊಹಾಪೋಹ ಮಾಡುವವರು ಈ ಕ್ರಮವನ್ನು ತಲೆಕೆಳಗು ಮಾಡಿ ನೋಡುತ್ತಾರೆ.

ಇನ್ನು ಕಾಲದ ಲೆಕ್ಕ. ಫೋಕ್ಸ್‌ವಾಗನ್ ತನ್ನ ಪ್ರವೇಶವನ್ನು ಪ್ರಕಟಿಸಿದ್ದು 2011ರ ಮೇ ತಿಂಗಳಲ್ಲಿ, ಪೋಲೊ ಮೊದಲ ರ‍್ಯಾಲಿಗೆ ಇಳಿದದ್ದು 2013ರ ಜನವರಿಯಲ್ಲಿ. ಹ್ಯುಂಡೈ 2012ರ ಸೆಪ್ಟೆಂಬರ್‌ನಲ್ಲಿ ಹೇಳಿತು, 2014ರ ಜನವರಿಯಲ್ಲಿ ಬಂತು. ಟೊಯೋಟಾ ತನ್ನ ತಂಡದ ಹೊಣೆಯನ್ನು ಮಾಜಿ ವಿಶ್ವ ಚಾಂಪಿಯನ್ ಟಾಮಿ ಮಾಕಿನೆನ್ ಅವರಿಗೆ ವಹಿಸಿದ್ದನ್ನು 2015ರ ಜುಲೈನಲ್ಲಿ ಪ್ರಕಟಿಸಿತು, ಅದರ ಯಾರಿಸ್ ಕಾರು ಕಣಕ್ಕಿಳಿದದ್ದು 2017ರ ಜನವರಿಯಲ್ಲಿ. ಜರ್ಮನಿಯ ಕಲೋನ್ ನಗರದಲ್ಲಿ ಅದರ ಎಂಜಿನ್ ಕೆಲಸ ಅದಕ್ಕೂ ಮೊದಲೇ ಶುರುವಾಗಿತ್ತು. ಹಣದ ಕೊರತೆಯಿಲ್ಲದ ಈ ಮೂರು ಕಂಪನಿಗಳಿಗೂ ಹದಿನಾರರಿಂದ ಇಪ್ಪತ್ತು ತಿಂಗಳು ಬೇಕಾಯಿತು. ಹಣ ಸುರಿದರೂ ಎರಕದ ಅಚ್ಚು ಬೇಗ ತಣಿಯುವುದಿಲ್ಲ. ಕ್ರ್ಯಾಂಕ್‌ಷಾಫ್ಟ್‌ನ ಮೊದಲ ಮಾದರಿ ಡೈನೊ ಎಂಬ ಎಂಜಿನ್ ಪರೀಕ್ಷಾ ಯಂತ್ರದ ಮೇಲೆ ಮುರಿಯಬೇಕು, ಅದು ಯಾಕೆ ಮುರಿಯಿತೆಂದು ತಿಳಿಯಬೇಕು, ಎರಡನೆಯದನ್ನು ಮಾಡಬೇಕು. ಆದ್ದರಿಂದ ‘ಮುಂದಿನ ಜನವರಿಗೆ ಹೊಸ ಕಂಪನಿ’ ಎಂಬ ಮಾತು ಅಕ್ಟೋಬರ್‌ನಲ್ಲಿ ಕೇಳಿಬಂದರೆ, ಹೊಸ ಕಾರಿನ ಮಟ್ಟಿಗೆ ಅದನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಸಹಿಗಾಗಿ ಕಾಯುವುದು ಎಂದರೇನೆಂದು ಮೈಮೇಲೆ ಅನುಭವಿಸಿದ್ದೇನೆ. ವರ್ಷಗಳ ಹಿಂದೆ ಒಂದು ತಂಡಕ್ಕಾಗಿ ಹೊಸ ಕಾರಿನ ಕಡತ ಬರೆಯುತ್ತಿದ್ದೆ. ತಯಾರಕ ಕಂಪನಿಯೊಂದು ಬಾಯಿಮಾತಿನಲ್ಲಿ ಒಪ್ಪಿತ್ತು, ಅದರ ವಿನ್ಯಾಸಕರು ಮುಂಭಾಗದ ದೀಪಗಳ ನಕ್ಷೆಯನ್ನೂ ಕಳುಹಿಸಿದ್ದರು. ನನ್ನ ಮೇಜಿನ ಎದುರಿನ ಗೋಡೆಗೆ ಆ ನಕ್ಷೆ ಅಂಟಿಸಿದ್ದೆ. ಸಸ್ಪೆನ್ಷನ್ ತೋಳುಗಳ ಚಿತ್ರ ತೆಗೆದಾಗಿತ್ತು, ಪ್ರತಿ ಚಿತ್ರದಲ್ಲೂ ಅಳತೆಪಟ್ಟಿ ಇಟ್ಟು, ತೂಕ ಬರೆದು. ಆಡಳಿತ ಮಂಡಳಿಯ ಸಭೆ ಒಮ್ಮೆ ಮುಂದಕ್ಕೆ ಹೋಯಿತು, ಮತ್ತೊಮ್ಮೆ ಮುಂದಕ್ಕೆ ಹೋಯಿತು, ಕೊನೆಗೆ ಅಧ್ಯಕ್ಷರೇ ಬದಲಾದರು. ಹೊಸಬರಿಗೆ ರ‍್ಯಾಲಿ ಬೇಕಿರಲಿಲ್ಲ. ಇಪ್ಪತ್ತು ಗೇರ್‌ಬಾಕ್ಸ್‌ಗಳಿಗಾಗುವಷ್ಟು ಕವಚಗಳು ಕಪಾಟಿನಲ್ಲಿ ಉಳಿದವು. ಆರು ಮಂದಿ ಮೆಕ್ಯಾನಿಕ್‌ಗಳು ಬೇರೆ ಕೆಲಸ ಹುಡುಕಿಕೊಂಡು ಹೋದರು. ಆ ತಂಡದ ಮಾಲೀಕರು ಹೇಳಿದ ಒಂದು ಮಾತು ನನ್ನ ನೆನಪಿನಲ್ಲಿ ಉಳಿದಿದೆ: “ಅವರು ನಮಗೆ ಇಲ್ಲ ಎಂದಿದ್ದರೆ ಆರು ತಿಂಗಳ ಹಿಂದೆಯೇ ಬದುಕಿಕೊಳ್ಳುತ್ತಿದ್ದೆವು.”

2027ರ ನಿಯಮಗಳು ಈ ನೋವಿಗೆ ಸ್ವಲ್ಪ ಮದ್ದು ತಂದಿವೆ ಎಂದು ನಾನು ಭಾವಿಸುತ್ತೇನೆ. ಕಾರಿನ ಬೆಲೆಗೆ 3,45,000 ಯೂರೊ ಮಿತಿ ಹಾಕಿದ್ದಾರೆ. ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ, ನಿಗದಿತ ಗಾತ್ರದೊಳಗೆ, ಯಾವುದೇ ಆಕಾರದ ಹೊರಮೈ ಕೂರಿಸಬಹುದು. ಶಕ್ತಿ ಸುಮಾರು 300 ಅಶ್ವಶಕ್ತಿ. ಎಂಜಿನ್ ಮತ್ತಿತರ ಮುಖ್ಯ ಭಾಗಗಳು, ಅತ್ಯುನ್ನತ ದರ್ಜೆಗಿಂತ ಒಂದು ಮೆಟ್ಟಿಲು ಕೆಳಗಿರುವ ಈಗಿನ ರ‍್ಯಾಲಿ2 ದರ್ಜೆಯಿಂದ ಬರುತ್ತವೆ. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ಕಾರ್ ಕಂಪನಿಯಲ್ಲದ ಸಂಸ್ಥೆಯೂ ಕಾರು ಕಟ್ಟಿ ಅತ್ಯುನ್ನತ ದರ್ಜೆಗೆ ತರಬಹುದು. ನಾನು ಆರಂಭದಲ್ಲಿ ಹೇಳಿದ ಸಾಲಿಗೆ ಕಾರ್ಯಾಗಾರದವರ ಹೆಸರೂ ಹತ್ತಿರ ಬಂದಂತಾಯಿತು. ಕಂಪನಿಯ ಸಭೆ ಮುಂದಕ್ಕೆ ಹೋಯಿತೆಂದು ಆರು ಮಂದಿ ಮೆಕ್ಯಾನಿಕ್‌ಗಳು ಬೀದಿಗೆ ಬೀಳಬೇಕಾಗಿಲ್ಲ.

ಚೌಕಟ್ಟು ಯಾರಾದರೂ ಬೆಸುಗೆ ಹಾಕಬಹುದು, ಹೊರಮೈಯನ್ನು ಕೆಲವು ತಿಂಗಳಲ್ಲಿ ಅಚ್ಚಿನಲ್ಲಿ ರೂಪಿಸಬಹುದು. ಎಂಜಿನ್ ಹಾಗೆ ಸಿಗುವುದಿಲ್ಲ. ಡವೆನ್‌ಬಿಯವರ ಬಳಿ ಫಿಯೆಸ್ಟಾ ರ‍್ಯಾಲಿ2 ಕಾರಿನ 1.6 ಲೀಟರ್ ಟರ್ಬೊ ಎಂಜಿನ್ ಇದೆ, ಅದು ಫೋರ್ಡ್ ಕುಲದ್ದು. ಹೊಸದಾಗಿ ಬರುವ ಕಂಪನಿಯ ಬಳಿ ರ‍್ಯಾಲಿ2 ಎಂಜಿನ್ ಇಲ್ಲದಿದ್ದರೆ, ಎಷ್ಟೇ ಆಸೆಯಿದ್ದರೂ ಆ ಒಂದೂವರೆ ವರ್ಷದ ಲೆಕ್ಕಕ್ಕೆ ಅದೂ ಒಳಪಡುತ್ತದೆ. ಆದ್ದರಿಂದ ಯಾವುದೇ ಹೆಸರು ತೇಲಿಬಂದಾಗ ನಾನು ಮೊದಲು ಕೇಳುವುದು: ಅವರ ಬಳಿ ಎಂಜಿನ್ ಇದೆಯೇ? ಎರಡನೆಯ ಪ್ರಶ್ನೆ: ಅದರ ಬಿಡಿಭಾಗಗಳನ್ನು ಯಾರು ಮಾಡುತ್ತಾರೆ? ಈ ಎರಡಕ್ಕೂ ಉತ್ತರವಿದ್ದರೆ ಮಾತ್ರ ಗಾಳಿಸುದ್ದಿಗೆ ಕಾಲು ಮೂಡಿದೆ ಎಂದರ್ಥ.

ಕಾರು ಮೊದಲು, ಕಂಪನಿ ಆಮೇಲೆ ಎಂಬ ದಾರಿಯನ್ನು ಪ್ರೋಡ್ರೈವ್ ಎಂಬ ಇನ್ನೊಂದು ಸ್ವತಂತ್ರ ಸಂಸ್ಥೆ ಎರಡು ಸಲ ತುಳಿದು ನೋಡಿದೆ ಎನ್ನಬಹುದು, ಒಂದು ಸಲ ಮುಳ್ಳು ತಾಗಿತು. ಇಂಗ್ಲೆಂಡಿನ ಬ್ಯಾನ್‌ಬರಿಯ ಈ ಸಂಸ್ಥೆ ಸುಬಾರು ಜೊತೆ 1995ರಿಂದ 1997ರವರೆಗೆ ಸತತ ಮೂರು ತಯಾರಕರ ಪ್ರಶಸ್ತಿ ಗಳಿಸಿತ್ತು. 2008ರ ಡಿಸೆಂಬರ್‌ನಲ್ಲಿ ಜಗತ್ತಿನ ಆರ್ಥಿಕ ಕುಸಿತದ ನಡುವೆ ಸುಬಾರು ಬಿಟ್ಟುಹೋಯಿತು. 2011ರಲ್ಲಿ ಪ್ರೋಡ್ರೈವ್ ಮಿನಿ ಕಾರು ತಂದಿತು. 2012ರ ಮಾಂಟೆ ಕಾರ್ಲೊದಲ್ಲಿ ಡಾನಿ ಸೋರ್ಡೊ ಅದರಲ್ಲಿ ಎರಡನೆಯವರಾದರು. ಅದಾದ ಕೆಲವೇ ವಾರಗಳಲ್ಲಿ ತಂಡ ಮಿನಿಯ ಅಧಿಕೃತ ತಂಡವೆಂಬ ಸ್ಥಾನ ಕಳೆದುಕೊಂಡಿತು. ಕಾರು ಒಳ್ಳೆಯದಿತ್ತು, ಬೆನ್ನಿಗೆ ನಿಲ್ಲುವವರು ಗಟ್ಟಿಯಿರಲಿಲ್ಲ.

ಎರಡನೆಯದು ಮರುಭೂಮಿಯ ಕಥೆ. 2021ರ ಡಾಕರ್ ಎಂಬ ಮರುಭೂಮಿ ರ‍್ಯಾಲಿಗೆ ಪ್ರೋಡ್ರೈವ್ ಯಾವ ಕಾರ್ ಕಂಪನಿಯ ಹೆಸರೂ ಇಲ್ಲದ ಹಂಟರ್ ಎಂಬ ಕಾರನ್ನು ತಾನೇ ಕಟ್ಟಿ ತಂದಿತು, ಫೋರ್ಡ್ ಮೂಲದ ವಿ6 ಎಂಜಿನ್ ಹಾಕಿ. 2022 ಮತ್ತು 2023ರಲ್ಲಿ ಸೆಬಾಸ್ಟಿಯನ್ ಲೋಬ್ ಅದರಲ್ಲಿ ಎರಡನೇ ಸ್ಥಾನ ಪಡೆದರು. ಆಮೇಲೆ ಡಾಚಿಯಾ ಕಂಪನಿ ಆ ಕಾರ್ಯಾಗಾರದ ಬಾಗಿಲಿಗೆ ಬಂತು. ರೆನೊ-ನಿಸಾನ್ ಬಳಗದ ವಿ6 ಎಂಜಿನ್ ಹೊತ್ತ ಡಾಚಿಯಾದ ಸ್ಯಾಂಡ್‌ರೈಡರ್ ಕಾರು 2024ರ ಅಕ್ಟೋಬರ್‌ನಲ್ಲಿ ಮೊರಾಕೊ ರ‍್ಯಾಲಿಯಲ್ಲಿ ಚೊಚ್ಚಲ ಪ್ರವೇಶದಲ್ಲೇ ಗೆದ್ದಿತು, ಚಾಲಕರು ನಾಸರ್ ಅಲ್-ಅತ್ತಿಯಾ. ಈ ಜೋಡಿ ಕೂಡುವಾಗ ಕಂಪನಿ ಎಂಜಿನ್ ತಂದಿತು, ತಂಡದ ಬಳಿ ಮರುಭೂಮಿಯಲ್ಲಿ ಸವೆದು ಕಲಿತ ಮೂರು ವರ್ಷಗಳಿದ್ದವು. ಎಂ-ಸ್ಪೋರ್ಟ್‌ಗೆ ಹೊಸ ಸಂಬಂಧ ಕೂಡಿಬರುವುದಾದರೆ ಹೀಗೆಯೇ ಕೂಡಿಬರಲಿ ಎಂದು ನನ್ನ ಆಸೆ.

ಫೋರ್ಡ್ ದೂರ ಸರಿಯುತ್ತಿದೆ ಎನ್ನುವವರು ಒಂದು ವಿಷಯ ಮರೆಯುತ್ತಾರೆ. ಫಿಯೆಸ್ಟಾದ ಉತ್ಪಾದನೆ 2023ರ ಜುಲೈನಲ್ಲಿ ನಿಂತಿತು ನಿಜ. ಅದೇ ಹೊತ್ತಿಗೆ ಫೋರ್ಡ್ ಡಾಕರ್ ಕಡೆ ತಿರುಗಿ, ಆ ಕೆಲಸವನ್ನೂ ಎಂ-ಸ್ಪೋರ್ಟ್‌ಗೇ ಕೊಟ್ಟಿತು. 2024ಕ್ಕೆ ರೇಂಜರ್, 2025ಕ್ಕೆ ರಾಪ್ಟರ್. ಆ ವರ್ಷ ಮಟಿಯಾಸ್ ಎಕ್‌ಸ್ಟ್ರೋಮ್ ಮೂರನೇ ಸ್ಥಾನ ತಂದರು. ಫೋರ್ಡ್‌ಗೆ ಇಂದು ಮಾರಬೇಕಾದದ್ದು ಪಿಕಪ್ ಟ್ರಕ್, ಅದಕ್ಕೆ ಮರಳುಗಾಡು ಒಳ್ಳೆಯ ಅಂಗಡಿ. ಡಾಕರ್ ಗುತ್ತಿಗೆ ಇರುವವರೆಗೆ ಇಬ್ಬರೂ ಒಂದೇ ಚಾವಡಿಯಲ್ಲಿ ಕೂತಿರುತ್ತಾರೆ. ಹಾಗಾಗಿ ಎರಡು ಸಂಬಂಧಗಳನ್ನೂ ಬೇರೆ ಬೇರೆಯಾಗಿ ತೂಗಿ ನೋಡಬೇಕು: ಒಂದರಲ್ಲಿ ಫೋರ್ಡ್ ಹೆಸರು ತೆಳುವಾದರೂ ಇನ್ನೊಂದರಲ್ಲಿ ಗಟ್ಟಿಯಾಗಿರಬಹುದು.

ಕಂಪನಿ ತೀರಾ ಗಟ್ಟಿಯಾಗಿ ಬಂದರೂ ಅಪಾಯವಿದೆ. ಮಾಕಿನೆನ್ ಅವರ ತಂಡ 2018ರಲ್ಲಿ ಟೊಯೋಟಾಗೆ ತಯಾರಕರ ಪ್ರಶಸ್ತಿ ಗೆದ್ದುಕೊಟ್ಟಿತು. 2020ರ ನಂತರ ಟೊಯೋಟಾ ತಂಡವನ್ನು ತಾನೇ ನೇರವಾಗಿ ನಡೆಸತೊಡಗಿತು, ಮುಖ್ಯಸ್ಥರಾಗಿ ಯಾರಿ-ಮಟ್ಟಿ ಲಾಟ್ವಾಲ ಬಂದರು. ಟೊಯೋಟಾಗೆ ಅದರಿಂದ ಲಾಭವೇ ಆಯಿತು. ಸ್ವತಂತ್ರ ಸಂಸ್ಥೆ ನಡೆಸುವವರು ಮಾತ್ರ ಒಪ್ಪಂದದ ಕರಡಿನಲ್ಲಿ ನಕ್ಷೆಗಳ ಒಡೆತನ ಯಾರದೆಂಬ ಕಲಮನ್ನು ಎರಡು ಸಲ ಓದಬೇಕು. ನಾನು ಸಲಹೆ ಕೊಡುವಾಗ ಬೆಲೆಯ ಪುಟಕ್ಕಿಂತ ಮೊದಲು ಆ ಪುಟವನ್ನೇ ತೆರೆಯುತ್ತೇನೆ.

ಕಳೆದ ಹಂಗಾಮಿನಲ್ಲಿ ಒಬ್ಬ ಖಾಸಗಿ ಚಾಲಕರು ನನಗೆ ಫೋನ್ ಮಾಡಿದ್ದರು. ಅವರ ಬಳಿ ಫಿಯೆಸ್ಟಾ ರ‍್ಯಾಲಿ3 ಇದೆ, ಎಂ-ಸ್ಪೋರ್ಟ್‌ನ ಪೋಲೆಂಡ್ ಶಾಖೆ ಕ್ರಾಕೋವ್ ಬಳಿ ರೂಪಿಸಿದ ಕಾರು. ಫೋರ್ಡ್ ಬಿಟ್ಟರೆ ಈ ಕಾರು ಗುಜರಿಗೆ ಹೋಗುತ್ತದೆಯೇ ಎಂದು ಕೇಳಿದರು. ದನಿಯಲ್ಲಿ ಆತಂಕವಿತ್ತು, ಸಾಲ ಮಾಡಿ ಕೊಂಡ ಕಾರು. ನಾನು ಹೇಳಿದೆ: ನಿಮ್ಮ ಕಾರಿನ ಕಡತಕ್ಕೆ ಉತ್ಪಾದನೆ ನಿಂತ ಮೇಲೂ ಕೆಲವು ವರ್ಷ ಮಾನ್ಯತೆ ಇರುತ್ತದೆ. ನಿಮ್ಮ ಗೇರ್‌ಬಾಕ್ಸನ್ನು ಫೋರ್ಡ್ ಮಾಡಿಲ್ಲ, ಅದರ ಬಿಡಿಭಾಗ ಕೊಡುವವರು ಬೇರೆ. ಈ ವರ್ಷ ಕ್ಲಚ್ ಬದಲಾಯಿಸಿಕೊಳ್ಳಿ. ಅವರು ಮರುದಿನವೇ ಎರಡು ಕ್ಲಚ್‌ಗಳಿಗೆ ಬೇಡಿಕೆ ಕಳುಹಿಸಿದರು.