ಅರ್ಥ್ ಇಲ್ಲದ ದೀಪ

ಹೆಡ್‌ಲೈಟ್ ಹಾಕಿದರೆ ಸಾಕು, ಫಾಗ್ ಲ್ಯಾಂಪ್ ಸ್ವಿಚ್ಚಿನ ಮೇಲಿನ ಪುಟ್ಟ ಸೂಚಕ ದೀಪ ಮಿಣುಕುತ್ತಿತ್ತು. ಫಾಗ್ ಲ್ಯಾಂಪನ್ನು ನಾನು ಮುಟ್ಟಿಯೇ ಇರುತ್ತಿರಲಿಲ್ಲ. ಹೆಡ್‌ಲೈಟ್ ಆರಿಸಿ ಫಾಗ್ ಲ್ಯಾಂಪ್ ಹಾಕಿದರೆ ಆಗಲೂ ಅದೇ ಮಂಕು ಬೆಳಕು. ಎರಡನ್ನೂ ಒಟ್ಟಿಗೆ ಹಾಕಿದರೆ ಮಾತ್ರ ಅದು ಪೂರ್ತಿ ಆರಿಹೋಗುತ್ತಿತ್ತು. ಚಳಿಗಾಲದ ಬೆಳಗಿನ ಜಾವ ಮೈಸೂರಿನಿಂದ ಹೊರಟು ಶ್ರೀರಂಗಪಟ್ಟಣ ದಾಟುವಾಗ ಗದ್ದೆಗಳ ಮೇಲಿನ ಮಂಜು ರಸ್ತೆಗೂ ಇಳಿದಿರುತ್ತದೆ. ಆಗ ಎರಡೂ ದೀಪಗಳು ಬೇಕು. ಸೂಚಕ ದೀಪ ನಿಜ ಹೇಳಬೇಕಾದ ಹೊತ್ತಿಗೆ ಸರಿಯಾಗಿ ಬಾಯಿ ಮುಚ್ಚಿಕೊಳ್ಳುತ್ತಿತ್ತು.

ಕಾರಿಗೆ ಮೂವತ್ತು ವರ್ಷ ವಯಸ್ಸು. ಇಂಥ ಕಾರಿನಲ್ಲಿ ದೀಪ ಮಂಕಾದರೆ ಎಲ್ಲರೂ ಮೊದಲು ಮಾಡುವುದು ಬಲ್ಬ್ ಬದಲಿಸುವುದು. ನಾನೂ ಅದನ್ನೇ ಮಾಡಿದೆ. ಹೊಸ ಬಲ್ಬೂ ಹಳೆಯದರಷ್ಟೇ ಮಂಕಾಗಿ ಉರಿಯಿತು. ಕೊನೆಗೆ ಬನ್ನಿಮಂಟಪದ ಕಡೆ ಇರುವ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಬಳಿ ಹೋದೆ. ಅವರು ಸ್ವಿಚ್ಚನ್ನು ಹೊರಗೆಳೆದು, ಒಂದು ತುಂಡು ವೈರಿನ ಒಂದು ತುದಿಯನ್ನು ಬಾಡಿಗೂ ಇನ್ನೊಂದು ತುದಿಯನ್ನು ಸ್ವಿಚ್ಚಿನ ಹಿಂಬದಿಯ ಕಪ್ಪು ವೈರಿಗೂ ತಾಗಿಸಿದರು. ದೀಪ ಝಗ್ಗೆಂದಿತು. “ಬಲ್ಬು ಚೆನ್ನಾಗಿದೆ ಸಾರ್, ಇದಕ್ಕೆ ಅರ್ಥ್ ಇಲ್ಲ” ಎಂದರು. ಅರ್ಥವಿಲ್ಲ ಎಂದೇ ನನ್ನ ಕಿವಿಗೆ ಕೇಳಿಸಿತು. ಆ ಹೊತ್ತಿಗೆ ಅದೂ ಸರಿಯಾಗಿಯೇ ಇತ್ತು.

ಅವರಿಗೆ ಎರಡು ನಿಮಿಷ ಸಾಕಾದದ್ದು ನನಗೆ ಅರ್ಥವಾಗಲು ಒಂದು ಸಂಜೆ ಹಿಡಿಯಿತು.

ಮನೆಯ ಬಲ್ಬಿಗೆ ಎರಡು ವೈರು ಹೋಗುತ್ತವೆ, ಒಂದು ಕರೆಂಟು ಬರಲು, ಇನ್ನೊಂದು ಹಿಂತಿರುಗಲು. ಕಾರು ತಯಾರಿಸುವವರು ಎರಡನೆಯದನ್ನು ಕೈಬಿಟ್ಟಿದ್ದಾರೆ. ಬ್ಯಾಟರಿಯ ಮೈನಸ್ ತುದಿಯನ್ನು ದಪ್ಪ ವೈರಿನಿಂದ ಕಾರಿನ ಉಕ್ಕಿನ ಮೈಗೇ ಬಿಗಿದಿರುತ್ತಾರೆ. ಹಾಗಾಗಿ ಯಾವ ದೀಪದಿಂದ ಹೊರಬಂದ ಕರೆಂಟಾದರೂ ಹತ್ತಿರದ ತಗಡನ್ನು ಸೇರಿಕೊಂಡರೆ ಬ್ಯಾಟರಿಯ ತನಕ ದಾರಿ ಸಿಕ್ಕಂತೆ. ಗ್ಯಾರೇಜಿನವರು ‘ಅರ್ಥ್’ ಎನ್ನುವುದು ಹಿಂತಿರುಗುವ ಈ ದಾರಿಗೆ. ಭೂಮಿಗೂ ಅದಕ್ಕೂ ಸಂಬಂಧವಿಲ್ಲ. ಕಾರು ರಬ್ಬರ್ ಟೈರಿನ ಮೇಲೆ ನಿಂತಿರುತ್ತದೆ.

ನನ್ನ ಸ್ವಿಚ್ಚಿನೊಳಗೆ ಇದ್ದದ್ದು ಒಂದಲ್ಲ, ಎರಡು ಬಲ್ಬು. ಒಂದು, ಕತ್ತಲಲ್ಲಿ ಸ್ವಿಚ್ಚು ಎಲ್ಲಿದೆ ಎಂದು ತೋರಿಸುವ ಗುರುತಿನ ದೀಪ. ಅದು ಹೆಡ್‌ಲೈಟಿನ ಜೊತೆ ಹೊತ್ತಿಕೊಳ್ಳುತ್ತದೆ. ಇನ್ನೊಂದು, ಫಾಗ್ ಲ್ಯಾಂಪ್ ಹೊತ್ತಿದೆ ಎಂದು ತಿಳಿಸುವ ಸೂಚಕ. ಎರಡಕ್ಕೂ ಹಿಂತಿರುಗಲು ಇದ್ದದ್ದು ಒಂದೇ ಕಪ್ಪು ವೈರು. ಅದು ಡ್ಯಾಶ್‌ಬೋರ್ಡಿನ ಹಿಂದೆ ಒಂದು ಸ್ಕ್ರೂವಿಗೆ ಸೇರುತ್ತಿತ್ತು, ಆ ಸ್ಕ್ರೂ ತುಕ್ಕು ಹಿಡಿದಿತ್ತು. ತುಕ್ಕು ಕಬ್ಬಿಣದಿಂದಲೇ ಹುಟ್ಟಿದ್ದಾದರೂ ಕರೆಂಟಿನ ವಿಷಯದಲ್ಲಿ ತಾಯಿಯ ಗುಣ ಅದಕ್ಕೆ ಬಂದಿಲ್ಲ.

ಹೆದ್ದಾರಿ ಮುಚ್ಚಿದರೆ ಬಸ್ಸು ಊರೊಳಗಿನ ರಸ್ತೆ ಹಿಡಿಯುತ್ತದೆ. ಕರೆಂಟೂ ಹಾಗೆಯೇ ಮಾಡಿತು. ಹೆಡ್‌ಲೈಟ್ ಹಾಕಿದಾಗ ಅದು ಗುರುತಿನ ದೀಪವನ್ನು ಹಾದುಬಂದು, ಎದುರಿಗೆ ಅರ್ಥ್ ಸಿಗದೆ, ಸೂಚಕ ದೀಪದೊಳಗೆ ಹಿಂದುಮುಂದಾಗಿ ನುಗ್ಗಿ, ಆರಿದ್ದ ಫಾಗ್ ಲ್ಯಾಂಪುಗಳ ಮೂಲಕ ಬಾಡಿ ಸೇರುತ್ತಿತ್ತು. 55 ವ್ಯಾಟಿನ ಆ ದೊಡ್ಡ ಬಲ್ಬುಗಳ ತಂತಿ ತಣ್ಣಗಿದ್ದಾಗ ಕರೆಂಟಿಗೆ ಅದು ಒಡ್ಡುವ ತಡೆ, ಅಂದರೆ ರೋಧ, ಒಂದು ಓಮ್ ಕೂಡ ಇರುವುದಿಲ್ಲ. ಇಷ್ಟು ಸಣ್ಣ ಕರೆಂಟು ಹಾದುಹೋದದ್ದು ಅವಕ್ಕೆ ಗೊತ್ತೇ ಆಗುವುದಿಲ್ಲ. ಫಾಗ್ ಲ್ಯಾಂಪ್ ಮಾತ್ರ ಹಾಕಿದಾಗ ಇದೇ ಪ್ರಯಾಣ ತಿರುಗುಮುರುಗು: ಮೊದಲು ಸೂಚಕ, ಆಮೇಲೆ ಗುರುತಿನ ದೀಪ, ಅಲ್ಲಿಂದ ಆರಿರುವ ಮೀಟರ್ ದೀಪಗಳು ಮತ್ತು ಹಿಂಬದಿಯ ಕೆಂಪು ದೀಪಗಳ ಮೂಲಕ ಬಾಡಿಗೆ. ಎರಡನ್ನೂ ಹಾಕಿದಾಗಲೋ, ಜೋಡಿ ಬಲ್ಬುಗಳ ಎರಡೂ ತುದಿಗೆ 12 ವೋಲ್ಟ್. ಎರಡು ಕೆರೆಗಳ ನೀರು ಒಂದೇ ಮಟ್ಟದಲ್ಲಿದ್ದರೆ ನಡುವಿನ ಕಾಲುವೆ ಹರಿಯುವುದಿಲ್ಲ. ದೆವ್ವ ಹಿಡಿದಂತೆ ಕಂಡಿದ್ದ ಸ್ವಿಚ್ಚು ಓಮನ ನಿಯಮವನ್ನು ಅಕ್ಷರಶಃ ಪಾಲಿಸುತ್ತಿತ್ತು.

ಬೆಳಕು ಅಷ್ಟೊಂದು ಮಂಕಾದದ್ದೇಕೆ? ದಸರಾಕ್ಕೆ ಕಟ್ಟುತ್ತಿದ್ದ ಹಳೆಯ ಸೀರಿಯಲ್ ಸೆಟ್ ನೆನಪಿಸಿಕೊಳ್ಳಿ. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದ ಬಲ್ಬುಗಳು ಬಂದ ವೋಲ್ಟೇಜನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ, ಒಂದು ಸುಟ್ಟರೆ ಸಾಲೆಲ್ಲ ಕತ್ತಲೆ. ಭಾನುವಾರದ ಸಂಜೆ ಅರಮನೆಯಲ್ಲಿ ಹೊತ್ತಿಕೊಳ್ಳುವ ಸುಮಾರು ಒಂದು ಲಕ್ಷ ಬಲ್ಬುಗಳದು ಬೇರೆ ರೀತಿ. ಅಲ್ಲಿ ಪ್ರತಿಯೊಂದಕ್ಕೂ ಪೂರ್ತಿ ಪಾಲು. ಒಂದು ಸುಟ್ಟರೆ ಪಕ್ಕದ್ದಕ್ಕೆ ಸುದ್ದಿಯೂ ಮುಟ್ಟುವುದಿಲ್ಲ. ನನ್ನ ಸ್ವಿಚ್ಚಿನ ಬಲ್ಬುಗಳು ಅರಮನೆಯ ಲೆಕ್ಕದಲ್ಲಿ ಬದುಕಬೇಕಾದವು, ಸೀರಿಯಲ್ ಸೆಟ್ಟಾಗಿ ಕುಳಿತಿದ್ದವು. ತಲಾ 6 ವೋಲ್ಟ್. ಅರ್ಧ ವೋಲ್ಟೇಜಿಗೆ ಅರ್ಧ ಬೆಳಕಾದರೂ ಬರಬೇಕಲ್ಲ ಎನ್ನಿಸಬಹುದು. ಟಂಗ್‌ಸ್ಟನ್ ತಂತಿ ಅಷ್ಟು ಉದಾರಿಯಲ್ಲ. ಕಾವು ಇಳಿದಂತೆ ಅದರ ಶಕ್ತಿಯ ಇನ್ನಷ್ಟು ಪಾಲು ಕಣ್ಣಿಗೆ ಕಾಣದ ಅವಕೆಂಪಾಗಿ ಹೋಗುತ್ತದೆ. ಅರ್ಧ ವೋಲ್ಟೇಜಿನಲ್ಲಿ ಸಿಗುವ ಬೆಳಕು ಹೆಚ್ಚೂಕಡಿಮೆ ಹತ್ತರಲ್ಲಿ ಒಂದು ಪಾಲು.

ಬಲ್ಬ್ ಬದಲಿಸುವಾಗ ಒಂದನ್ನು ಕಿತ್ತರೆ ಇನ್ನೊಂದೂ ಆರಿದ್ದನ್ನು ನಾನು ನೋಡಿದ್ದೆ. ಎಲ್ಲ ಉತ್ತರವೂ ಅದರಲ್ಲೇ ಇತ್ತು. ಸ್ವಿಚ್ಚು ಅಲುಗಿದ್ದಕ್ಕೆ ಹೀಗಾಗಿರಬೇಕು ಎಂದುಕೊಂಡು ಸುಮ್ಮನಾದೆ.

ಮಲ್ಟಿಮೀಟರ್ ಇದ್ದವರು ಇದನ್ನು ಮನೆಯಲ್ಲೇ ಪತ್ತೆ ಮಾಡಬಹುದು. ಮೀಟರಿನ ಕಪ್ಪು ಕಡ್ಡಿಯನ್ನು ಬಣ್ಣವಿಲ್ಲದ ತಗಡಿಗೂ ಕೆಂಪು ಕಡ್ಡಿಯನ್ನು ಸ್ವಿಚ್ಚಿನ ಅರ್ಥ್ ವೈರಿಗೂ ಹಿಡಿದು ದೀಪ ಹಾಕಿದರೆ ಸೊನ್ನೆಯ ಆಸುಪಾಸು ತೋರಿಸಬೇಕು. ನನ್ನ ಕಾರಿನಲ್ಲಿ ಒಂದು ದೀಪ ಹಾಕಿದಾಗ 6ರ ಹತ್ತಿರ, ಎರಡನ್ನೂ ಹಾಕಿದಾಗ 12ರ ಹತ್ತಿರ ಬಂತು.

ದುರಸ್ತಿಯಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಬ್ಯಾಟರಿಯ ಮೈನಸ್ ತುದಿಯನ್ನು ಮೊದಲು ಬಿಚ್ಚಬೇಕು. ಪ್ಲಸ್ ಬಿಚ್ಚಲು ಹೊರಟು ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ. ಎಲೆಕ್ಟ್ರಿಷಿಯನ್ ಸ್ಕ್ರೂ ತೆಗೆದು, ತಗಡನ್ನೂ ವೈರಿನ ತುದಿಯ ಬಳೆಯನ್ನೂ ಹೊಳೆಯುವ ತನಕ ಉಪ್ಪು ಕಾಗದದಿಂದ ಉಜ್ಜಿ, ಬಿಗಿಯಾಗಿ ಕೂರಿಸಿ, ತೇವ ತಾಗದಂತೆ ಮೇಲೆ ಸ್ವಲ್ಪ ಗ್ರೀಸ್ ಸವರಿದರು. ಅಷ್ಟೇ.

“ಎಲ್‌ಇಡಿ ಹಾಕಿಬಿಡಲೇ?” ಎಂದು ಕೇಳಿದೆ. ಹಾಕಬಹುದು, ಆದರೆ ಅದು ಒಂದೇ ದಿಕ್ಕಿಗೆ ಕರೆಂಟು ಬಿಡುತ್ತದೆ. ಹೊತ್ತದಿದ್ದರೆ ತಿರುಗಿಸಿ ಹಾಕಿ ಎಂದರು. ಮೊದಲೇ ಎಲ್‌ಇಡಿ ಇದ್ದಿದ್ದರೆ ಹಿಂದುಮುಂದಾಗಿ ಬಂದ ಕರೆಂಟನ್ನು ಅದು ತಡೆದು, ಆ ಮಿಣುಕು ನನಗೆ ಕಾಣುತ್ತಲೇ ಇರಲಿಲ್ಲ. ಆಮೇಲೆ ಅವರು ಮೀಟರಿನಲ್ಲಿದ್ದ ಕೆಂಪು ಬ್ಯಾಟರಿ ದೀಪವನ್ನು ತೋರಿಸಿ, ಅದನ್ನು ಮಾತ್ರ ಬದಲಿಸಬೇಡಿ ಎಂದರು. ಹಳೆಯ ಕಾರುಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಎಚ್ಚರಗೊಳ್ಳುವುದಕ್ಕೆ ಬೇಕಾದ ಮೊದಲ ಕರೆಂಟು ಹೋಗುವುದು ಆ ಬಲ್ಬಿನ ತಂತಿಯ ಮೂಲಕವೇ. ಎಲ್‌ಇಡಿ ಬಿಡುವ ಚೂರು ಕರೆಂಟು ಅದಕ್ಕೆ ಸಾಲದಿರಬಹುದು, ಆಗ ಎಂಜಿನ್ ತಿರುಗುತ್ತಿದ್ದರೂ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಸುಮ್ಮನೆ ಸುದ್ದಿ ಹೇಳುವ ದೀಪವೆಂದು ನಾನು ತಿಳಿದಿದ್ದದ್ದು ಅಲ್ಲಿ ಕೆಲಸವನ್ನೂ ಮಾಡುತ್ತಿತ್ತು. ಅದರ ತಂಟೆಗೆ ಹೋಗಲಿಲ್ಲ. ಫಾಗ್ ಲ್ಯಾಂಪ್ ಸ್ವಿಚ್ಚಿಗೂ ಹಳೆಯ ಬಲ್ಬನ್ನೇ ವಾಪಸು ಹಾಕಿಸಿಕೊಂಡೆ.