ಮೀಡಿಯಾ ಪ್ಲೇಯರಿನ ಡಿಸ್ಕಿಗೆ ವೇಗ ಬೇಡ, ನೆಮ್ಮದಿ ಬೇಕು

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಯಾವ ಅಂಗಡಿಗೆ ಹೋಗಿ ಹಾರ್ಡ್ ಡಿಸ್ಕ್ ಕೇಳಿದರೂ ಮೊದಲ ಪ್ರಶ್ನೆ ‘ಕಿತ್ನಾ ಟೀಬಿ?’ (ಎಷ್ಟು ಟೆರಾಬೈಟ್?) ಎರಡನೆಯದು ಬಜೆಟ್. ಆ ಡಿಸ್ಕ್ ಎಲ್ಲಿ ಕೂರುತ್ತದೆ, ದಿನಕ್ಕೆ ಎಷ್ಟು ಹೊತ್ತು ತಿರುಗುತ್ತದೆ ಎಂದು ಕೇಳುವವರು ಕಡಿಮೆ. ಟಿವಿ ಪಕ್ಕ ಕೂತು ತನ್ನೊಳಗಿನ ಡಿಸ್ಕಿನ ವಿಡಿಯೋ ತೋರಿಸುವ ಪೆಟ್ಟಿಗೆ, ಅಂದರೆ ಮೀಡಿಯಾ ಪ್ಲೇಯರಿಗೆ ಡಿಸ್ಕ್ ಹಾಕುವವರು ಮೊದಲು ಯೋಚಿಸಬೇಕಾದದ್ದು ಇದನ್ನೇ.

ಇಲ್ಲಿನ ಕನ್ನಡ ಮನೆಗಳಲ್ಲಿ ಇಂಥ ಪ್ಲೇಯರಿಗೆ ಬೇಕಾದಷ್ಟು ಕೆಲಸವಿದೆ. ಮಾಹಿಮಿನ ಕರ್ನಾಟಕ ಸಂಘದಲ್ಲೋ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲೋ ಮಕ್ಕಳು ಮಾಡಿದ ನಾಟಕ, ಊರಿನ ಬಯಲಾಟದ ರೆಕಾರ್ಡಿಂಗ್, ಮದುವೆಯ ಹಳೇ ಕ್ಯಾಸೆಟ್‌ಗಳು. ಸಿನಿಮಾ ಇಂಟರ್ನೆಟ್ಟಿನಲ್ಲಿ ಮತ್ತೆ ಸಿಗುತ್ತದೆ. ಅಜ್ಜನ ಷಷ್ಟ್ಯಬ್ದಿ ಸಿಗುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಹಳೇ ವಿಡಿಯೋ ಕ್ಯಾಮೆರಾದ ಮಿನಿ ಡಿವಿ ಕ್ಯಾಸೆಟ್ಟನ್ನು ಇದ್ದಂತೆಯೇ ಕಂಪ್ಯೂಟರಿಗೆ ಇಳಿಸಿದರೆ ಒಂದು ಗಂಟೆಗೆ ಸುಮಾರು 13 ಜಿಬಿ. 4 ಟಿಬಿ (4000 ಜಿಬಿ) ಡಿಸ್ಕಿನಲ್ಲಿ ಅಂಥ 300 ಗಂಟೆ ಹಿಡಿಸುತ್ತದೆ. ಅಂದರೆ ಒಂದು ಮನೆಯ ಕ್ಯಾಸೆಟ್‌ಗಳೆಲ್ಲ ಬಂದರೂ ಜಾಗ ಉಳಿದೀತು. ಟಿವಿ ಮಾತ್ರ 4 ಟಿಬಿಯನ್ನು 3.63 ಎಂದು ತೋರಿಸಿದರೆ ಗಾಬರಿ ಬೇಡ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಅನೇಕ ಸಾಫ್ಟ್‌ವೇರ್‌ಗಳು 1024ರ ಲೆಕ್ಕದಲ್ಲಿ. ಯಾರೂ ಮೋಸ ಮಾಡಿಲ್ಲ.

ಇನ್ನು ವೇಗ. ಬ್ಲೂ-ರೇ ಗುಣಮಟ್ಟದ ವಿಡಿಯೋಗೆ ಸೆಕೆಂಡಿಗೆ ಹೆಚ್ಚೆಂದರೆ 40 ಮೆಗಾಬಿಟ್ ಬೇಕು. ಎಂಟು ಬಿಟ್ ಸೇರಿದರೆ ಒಂದು ಬೈಟ್, ಅಂದರೆ 5 ಎಂಬಿ (ಮೆಗಾಬೈಟ್). 4ಕೆ ಬ್ಲೂ-ರೇಯ ಅತಿ ಭಾರದ ಫೈಲೂ ಸೆಕೆಂಡಿಗೆ 16 ಎಂಬಿ ದಾಟುವುದಿಲ್ಲ. ನಿಮಿಷಕ್ಕೆ 5400 ಸುತ್ತು ತಿರುಗುವ ಸಾಧಾರಣ ಡಿಸ್ಕೇ 100 ಎಂಬಿಗಿಂತ ಜಾಸ್ತಿ ಕೊಡುತ್ತದೆ. ಹಾಗಾಗಿ 7200 ಸುತ್ತಿನದಕ್ಕೆ ದುಡ್ಡು ಸುರಿದರೆ ಸಿಗುವುದು ಹೆಚ್ಚಿನ ಬಿಸಿ, ಹೆಚ್ಚಿನ ಸದ್ದು, ಅಷ್ಟೆ. ಚಿತ್ರ ಒಂದು ಚೂರೂ ಚೆನ್ನಾಗಿ ಕಾಣುವುದಿಲ್ಲ. ನಿಧಾನದ್ದನ್ನೇ ತನ್ನಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ನಿಧಾನ ಎಂದರೂ ಒಳಗೆ ನಡೆಯುವುದು ಸಣ್ಣ ಆಟವಲ್ಲ. ಮೂರೂವರೆ ಇಂಚಿನ ಡಿಸ್ಕಿನೊಳಗೆ ಸುಮಾರು 95 ಮಿಲಿಮೀಟರ್ ಅಗಲದ ಹೊಳೆಯುವ ತಟ್ಟೆಗಳಿವೆ. 5400 ಸುತ್ತಿನಲ್ಲಿ ಆ ತಟ್ಟೆಯ ಅಂಚು ಗಂಟೆಗೆ 97 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ತಟ್ಟೆ ತನ್ನ ಜೊತೆ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ತಟ್ಟೆಯ ಮೇಲಿನ ಮಾಹಿತಿ ಓದುವ ಸಣ್ಣ ತುದಿ, ಅಂದರೆ ಹೆಡ್, ಆ ತೆಳು ಗಾಳಿಯ ಪದರದ ಮೇಲೆ ತೇಲುತ್ತದೆ. ಓದುವಾಗ ಹೆಡ್ಡಿಗೂ ತಟ್ಟೆಗೂ ನಡುವಿನ ಅಂತರ ಕೆಲವೇ ನ್ಯಾನೋಮೀಟರ್. ಕಣ್ಣಿಗೆ ಕಾಣುವ ಧೂಳಿನ ಕಣ ಇದಕ್ಕಿಂತ ಸಾವಿರಾರು ಪಟ್ಟು ದಪ್ಪ. ಡಿಸ್ಕಿನ ಮುಚ್ಚಳವನ್ನು ಮನೆಯಲ್ಲಿ ಬಿಚ್ಚಲೇಬಾರದು ಎನ್ನುವುದು ಇದಕ್ಕೇ.

1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಇಂಚಿನ 50 ತಟ್ಟೆಗಳಿದ್ದವು. ಅಷ್ಟರಲ್ಲೂ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಅಲ್ಲಿಂದ ಇಲ್ಲಿಯವರೆಗಿನ ದಾರಿಯಲ್ಲಿ ಬಹಳ ಮುಖ್ಯವಾದ ತಿರುವು 1988ರದ್ದು. ಫ್ರಾನ್ಸಿನ ಆಲ್ಬರ್ಟ್ ಫರ್ಟ್ ಮತ್ತು ಜರ್ಮನಿಯ ಪೀಟರ್ ಗ್ರೂನ್‌ಬರ್ಗ್ ಆಗ ಬೇರೆ ಬೇರೆಯಾಗಿ ಒಂದು ವಿಷಯ ಕಂಡುಕೊಂಡರು. ಕೆಲವೇ ಪರಮಾಣುಗಳಷ್ಟು ತೆಳುವಾದ ಲೋಹದ ಪದರಗಳನ್ನು ಒಂದರ ಮೇಲೊಂದು ಇಟ್ಟರೆ, ಚೂರೇ ಚೂರು ಕಾಂತಶಕ್ತಿಗೂ ಅವುಗಳ ವಿದ್ಯುತ್ ತಡೆ ತುಂಬಾ ಬದಲಾಗುತ್ತದೆ. ಇದನ್ನು ಬಳಸಿ ಮಾಡಿದ ಹೆಡ್ ತಟ್ಟೆಯ ಮೇಲಿನ ತೀರಾ ಸಣ್ಣ ಕಾಂತೀಯ ಗುರುತನ್ನೂ ಓದಬಲ್ಲದು. 2007ರ ಭೌತಶಾಸ್ತ್ರದ ನೊಬೆಲ್ ಇವರಿಬ್ಬರಿಗೆ ಬಂತು. ನಮ್ಮ ಕ್ಯಾಸೆಟ್‌ಗಳೆಲ್ಲ ಅಂಗೈಯಗಲದ ಪೆಟ್ಟಿಗೆಯಲ್ಲಿ ಕೂರುವುದರಲ್ಲಿ ಇವರ ಪಾಲು ದೊಡ್ಡದು.

ಹೊಸ ಡಿಸ್ಕ್‌ಗಳಲ್ಲಿ ಇನ್ನೊಂದು ಜಾತಿ ಇದೆ. ಮಾಹಿತಿ ಬರೆಯುವ ಸಾಲುಗಳನ್ನು ಮಂಗಳೂರು ಹೆಂಚಿನ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಹೊದಿಸಿರುತ್ತಾರೆ. ಜಾಗ ಉಳಿಯುತ್ತದೆ, ಬೆಲೆ ಇಳಿಯುತ್ತದೆ. ಆದರೆ ನಡುವಿನ ಒಂದು ಸಾಲು ಬದಲಿಸಬೇಕೆಂದರೆ ಅದರ ಮೇಲೆ ಹೊದ್ದ ಸಾಲುಗಳನ್ನೂ ಮತ್ತೆ ಬರೆಯಬೇಕು. ದಿನವೂ ಬರೆದು ಅಳಿಸುವವರಿಗೆ ಇದು ಕಿರಿಕಿರಿ. ಒಮ್ಮೆ ತುಂಬಿ ನೋಡುತ್ತಾ ಇರುವ ಮೀಡಿಯಾ ಪ್ಲೇಯರಿಗೆ ಧಾರಾಳವಾಗಿ ಆಗುತ್ತದೆ, ಮೊದಲ ಸಲ ತುಂಬುವಾಗ ಹೊತ್ತು ಹಿಡಿದೀತು ಅಷ್ಟೇ.

ಡೊಂಬಿವಲಿಯ ಮಾವನ ಮನೆಯ ಪ್ಲೇಯರಿಗೆ ಡಿಸ್ಕ್ ಕೂರಿಸಿದ್ದು ನಾನೇ. ಹದಿನೈದು ನಿಮಿಷದ ಕೆಲಸ. ಪ್ಲಗ್ ಕಿತ್ತು, ತಳದ ಮುಚ್ಚಳ ತೆಗೆದರೆ ಖಾಲಿ ಗೂಡು ಕಾಣುತ್ತದೆ. ಅದರ ತುದಿಯಲ್ಲಿ ಸಾಟಾ ಕನೆಕ್ಟರ್. ಅಗಲದ ಭಾಗದಲ್ಲಿ 15 ಪಿನ್, ಅದು ಕರೆಂಟಿಗೆ. ಕಿರಿದಾದದ್ದರಲ್ಲಿ 7, ಅದು ಮಾಹಿತಿಗೆ. ಎರಡೂ ತುದಿಯಲ್ಲಿ ಬಾಗಿರುವುದರಿಂದ ತಿರುಗುಮುರುಗಾಗಿ ಹಾಕಲು ಬರುವುದಿಲ್ಲ. ಹತ್ತಿರದಿಂದ ನೋಡಿದರೆ ಕರೆಂಟಿನ ಕಡೆ ಕೆಲವು ಪಿನ್ ಉಳಿದವಕ್ಕಿಂತ ತುಸು ಉದ್ದ ಇವೆ. ಡಿಸ್ಕ್ ಒಳಗೆ ಜಾರುವಾಗ ನೆಲದ ಸಂಪರ್ಕ ಮೊದಲು ಆಗಲಿ, ಆಮೇಲೆ ಉಳಿದದ್ದು ಎಂದು ಹಾಗೆ ಮಾಡಿದ್ದಾರೆ. ಎರಡೂ ಹೆಬ್ಬೆರಳಿಂದ ಸಮನಾಗಿ ಒತ್ತಿದರೆ ಸಲೀಸಾಗಿ ಕೂರುತ್ತದೆ.

‘ನಾಲ್ಕೂ ಸ್ಕ್ರೂ ಹಾಕ್ಬೇಕೇನೋ? ಎರಡು ಸಾಲ್ದಾ?’ ಎಂದರು ಮಾವ.

ನಾಲ್ಕೂ ಬೇಕು. ಎರಡೇ ಸ್ಕ್ರೂ ಇದ್ದರೆ ಡಿಸ್ಕ್ ತನ್ನದೇ ತಿರುಗಾಟಕ್ಕೆ ಅದುರುತ್ತದೆ. ಡಿಸ್ಕಿನ ಒಂದೊಂದು ಸಾಲಿನ ಅಗಲ ನೂರು ನ್ಯಾನೋಮೀಟರಿನ ಆಸುಪಾಸು. ಅದುರಿದಾಗಲೆಲ್ಲ ಹೆಡ್ ಸಾಲು ತಪ್ಪಿ, ಮತ್ತೆ ಹುಡುಕಿಕೊಂಡು ಬರಬೇಕು. 2008ರ ಕೊನೆಯಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಎಂಜಿನಿಯರ್ ಬ್ರೆಂಡನ್ ಗ್ರೆಗ್ ಇದನ್ನು ಎಲ್ಲರಿಗೂ ಕಾಣುವಂತೆ ತೋರಿಸಿದರು. ಓಡುತ್ತಿರುವ ಡಿಸ್ಕ್‌ಗಳ ಎದುರು ನಿಂತು ಜೋರಾಗಿ ಕಿರುಚಿದರು. ಕಿರುಚಿದ ಕ್ಷಣದಲ್ಲೇ ಡಿಸ್ಕ್‌ಗಳು ತಡವರಿಸಿದ್ದು ಪರದೆಯ ಮೇಲೆ ದಾಖಲಾಯಿತು. ಹಾಗಿರುವಾಗ ಪ್ಲೇಯರನ್ನು ಸಬ್‌ವೂಫರ್ ಮೇಲೆ ಇಡುವುದು ಸರಿಯಲ್ಲ, ಅಲ್ವಾ? ಗಣಪತಿ ಹಬ್ಬದಲ್ಲಿ ಬೀದಿಯ ಢೋಲು-ತಾಷೆಗೆ ಕಿಟಕಿ ಗಾಜು ನಡುಗುವಂಥ ಮನೆಯಾದರೆ, ಅಷ್ಟು ಹೊತ್ತು ಪ್ಲೇಯರ್ ಆಫ್ ಮಾಡುವುದೇ ಒಳ್ಳೆಯದು. ಹೆಡ್ ತಟ್ಟೆ ಬಿಟ್ಟು ತನ್ನ ಗೂಡಿಗೆ ಹೋಗಿ ಕೂತಿರುತ್ತದೆ.

ಹಠಾತ್ತಾಗಿ ಕರೆಂಟ್ ಹೋದರೆ ಹೆಡ್ ಗೂಡು ಸೇರುವುದು ಹೇಗೆ? ಇದು ನನಗೆ ಬಹಳ ಇಷ್ಟವಾದ ಏರ್ಪಾಡು. ಕರೆಂಟ್ ಹೋದರೂ ತಟ್ಟೆ ತಕ್ಷಣ ನಿಲ್ಲುವುದಿಲ್ಲ. ತಿರುಗುತ್ತಿರುವ ಮೋಟರೇ ಆಗ ಜನರೇಟರ್ ಆಗಿ ಒಂದಿಷ್ಟು ವಿದ್ಯುತ್ ಕೊಡುತ್ತದೆ. ಆ ಕೊನೆಯ ಶಕ್ತಿಯಲ್ಲೇ ಹೆಡ್ ವಾಪಸ್ ಹೋಗುತ್ತದೆ. ಆದರೂ ಡಿಸ್ಕ್ ತೆಗೆಯುವಾಗ ರಿಮೋಟಿನಿಂದ ಆಫ್ ಮಾಡಿ, ಗುಯ್ ಎನ್ನುವ ಸದ್ದು ಪೂರ್ತಿ ನಿಂತ ಮೇಲೆ ಕೈ ಹಾಕಿ.

ಡಿಸ್ಕಿಗೆ ಹೆಚ್ಚು ಶಕ್ತಿ ಬೇಕಾಗುವುದು ತಿರುಗಲು ಶುರು ಮಾಡುವಾಗ. ಮೂರೂವರೆ ಇಂಚಿನದು ಆ ಕೆಲವು ಸೆಕೆಂಡು 12 ವೋಲ್ಟಿನಲ್ಲಿ 2 ಆಂಪಿಯರಿನ ಹತ್ತಿರ ಎಳೆಯುತ್ತದೆ, ಆಮೇಲೆ ಕೆಲವೇ ವಾಟ್‌ಗೆ ಇಳಿಯುತ್ತದೆ. ಅಡಾಪ್ಟರ್ ಬಡವಾಗಿದ್ದರೆ ತಟ್ಟೆ ತಿರುಗಲು ಹೊರಟು, ನಿಂತು, ಮತ್ತೆ ಹೊರಡುತ್ತದೆ. ಡಿಸ್ಕ್ ಕೆಟ್ಟಿದೆ ಎಂದು ಅಂಗಡಿಗೆ ಓಡುವ ಮೊದಲು ಅಡಾಪ್ಟರ್ ಬದಲಿಸಿ ನೋಡಿ.

ಮೊದಲ ಸಲ ಹಚ್ಚಿದಾಗ ಪ್ಲೇಯರ್ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಹೊಸ ಡಿಸ್ಕಾದರೆ ಸೈ. ಹಳೆಯದಾದರೆ ಅದರಲ್ಲಿದ್ದದ್ದೆಲ್ಲ ಹೋಗುತ್ತದೆ, ಸುಮ್ನೆ ಓಕೆ ಒತ್ತಬೇಡಿ. ಎಫ್‌ಎಟಿ32 ಎಂಬ ಫಾರ್ಮ್ಯಾಟ್ ಬೇಡವೇ ಬೇಡ. ಅದರಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ರಾತ್ರಿಯಿಡೀ ನಡೆದ ಯಕ್ಷಗಾನದ ಒಳ್ಳೇ ರೆಕಾರ್ಡಿಂಗ್ ಸುಲಭವಾಗಿ 25 ಜಿಬಿ ದಾಟುತ್ತದೆ. ಹಳೇ ಪ್ಲೇಯರುಗಳಿಗೆ ಇನ್ನೊಂದು ಮಿತಿಯಿದೆ. ಹಳೇ ಬಗೆಯ ಪಾರ್ಟಿಶನ್ ಪಟ್ಟಿಯಲ್ಲಿ (ಡಿಸ್ಕಿನ ಜಾಗ ಹೇಗೆ ಹಂಚಿದೆ ಎಂದು ಬರೆದಿಡುವ ಪಟ್ಟಿ) ಜಾಗದ ಲೆಕ್ಕಕ್ಕೆ 32 ಬಿಟ್ ಮಾತ್ರ ಇದೆ, ಅಂದರೆ ಸುಮಾರು 430 ಕೋಟಿ ತುಂಡುಗಳನ್ನಷ್ಟೇ ಎಣಿಸಬಲ್ಲದು. ಒಂದೊಂದು ತುಂಡು 512 ಬೈಟಿನದು. ಗುಣಿಸಿದರೆ 2.2 ಟಿಬಿ, ಅಲ್ಲಿಂದಾಚೆ ಅದಕ್ಕೆ ಕಾಣುವುದಿಲ್ಲ. ಪ್ಲೇಯರಿನ ಕೈಪಿಡಿಯಲ್ಲಿ ಎಷ್ಟು ದೊಡ್ಡ ಡಿಸ್ಕ್ ಹಿಡಿಯುತ್ತದೆ ಎಂದು ಬರೆದಿರುತ್ತಾರೆ, ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಮುಂಬಯಿಯ ಮಳೆಗಾಲದ ತೇವದ ಬಗ್ಗೆಯೂ ಹೇಳಬೇಕು. ಹೀಲಿಯಂ ತುಂಬಿ ಬೆಸೆದ ದೊಡ್ಡ ಡಿಸ್ಕ್‌ಗಳನ್ನು ಬಿಟ್ಟರೆ, ಸಾಮಾನ್ಯ ಡಿಸ್ಕಿಗೆ ಉಸಿರಾಡುವ ಒಂದು ಸಣ್ಣ ತೂತಿದೆ. ಒಳಗೆ ಫಿಲ್ಟರ್ ಇರುತ್ತದೆ. ಪಕ್ಕದಲ್ಲೇ ‘ಮುಚ್ಚಬೇಡಿ’ ಎಂದು ಬರೆದಿರುತ್ತಾರೆ. ಅದರ ಮೇಲೆ ಸ್ಟಿಕ್ಕರ್ ಅಂಟಿಸಬೇಡಿ. ಎಸಿ ಅಂಗಡಿಯಿಂದ ಜುಲೈ ತಿಂಗಳ ಗಾಳಿಗೆ ಬಂದ ತಣ್ಣನೆಯ ಡಿಸ್ಕಿನ ಮೇಲೆ ನೀರಿನ ಪಸೆ ಕೂರುತ್ತದೆ. ಮನೆಗೆ ತಂದು, ಕವರ್ ಬಿಚ್ಚದೆ ಎರಡು ಮೂರು ಗಂಟೆ ಹಾಗೇ ಇಟ್ಟು ಆಮೇಲೆ ಹಾಕಿದರೆ ಭಯವಿಲ್ಲ.

ಪ್ಲೇಯರನ್ನು ಗಾಜಿನ ಬಾಗಿಲಿನ ಶೋಕೇಸಿನಲ್ಲಿ ಮುಚ್ಚಿಡಬೇಡಿ. ಬಿಸಿ ಒಳಗೇ ಉಳಿಯುತ್ತದೆ. ಆದರೆ ಬಿಸಿ ಒಂದೇ ಶತ್ರು ಎಂದೇನಲ್ಲ. 2007ರಲ್ಲಿ ಗೂಗಲ್ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿತು. ಬಿಸಿಗೂ ಕೆಡುವುದಕ್ಕೂ ಎಲ್ಲರೂ ನಂಬಿದಷ್ಟು ನಂಟು ಅದರಲ್ಲಿ ಕಾಣಲಿಲ್ಲ. ತೀರಾ ಹೆಚ್ಚಿನ ಬಿಸಿಯಲ್ಲಿ, ಹಳೇ ಡಿಸ್ಕ್‌ಗಳಲ್ಲಿ ಮಾತ್ರ ಅದು ಎದ್ದು ಕಂಡಿತು. ಅದೇ ಅಧ್ಯಯನದ ಇನ್ನೊಂದು ಮಾತು ನಮಗೆ ಹೆಚ್ಚು ಉಪಯೋಗದ್ದು. ಡಿಸ್ಕ್ ತನ್ನನ್ನೇ ಪರೀಕ್ಷಿಸಿಕೊಳ್ಳುವಾಗ ಮೊದಲ ಸಲ ಒಂದು ದೋಷ ಕಂಡಿತೆಂದರೆ, ಮುಂದಿನ 60 ದಿನದಲ್ಲಿ ಅದು ಕೆಡುವ ಸಾಧ್ಯತೆ ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು.

ಇಂಥ ದೋಷಗಳ ದಾಖಲೆಯನ್ನು ಡಿಸ್ಕ್ ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಅದನ್ನು ಓದಲು ಉಚಿತ ಸಾಫ್ಟ್‌ವೇರ್‌ಗಳಿವೆ. ವರ್ಷಕ್ಕೆ ಒಂದೆರಡು ಸಲ ಡಿಸ್ಕನ್ನು ಕಂಪ್ಯೂಟರಿಗೆ ಹಚ್ಚಿ ನೋಡಿ. ಒಂದೇ ಒಂದು ದೋಷ ಕಂಡರೂ ಅವತ್ತೇ ಇನ್ನೊಂದು ಡಿಸ್ಕಿಗೆ ಕಾಪಿ ಶುರು ಮಾಡಿ. ಮನೆಯವರ ವಿಡಿಯೋ ಮೊದಲು, ಬಯಲಾಟ-ನಾಟಕ ಆಮೇಲೆ, ಸಿನಿಮಾ ಎಲ್ಲಕ್ಕಿಂತ ಕೊನೆಗೆ.